ಮೂರು ಹೆಂಡಿರ ಜೋಸೆಫ್ ಫಿಂಡ್ಲೇ

ಚರ್ಚಿನ ಬಾಗಿಲಿಗೆ ಪಾದ್ರಿಗಳು ಅಂಟಿಸಿದ್ದ ಹಾಳೆಯನ್ನು ಎಲ್ಸ್‌ಪೆತ್ ಮೂರು ಸಲ ಓದಿದಳು. ಮೊದಲ ಸಲ ಕನ್ನಡಕ ಇರಲಿಲ್ಲ, ಅದಕ್ಕೇ ಹಾಗೆ ಕಂಡಿತೇನೋ ಅಂದುಕೊಂಡಳು. ಎರಡನೆಯ ಸಲ ಕನ್ನಡಕ ಹಾಕಿಕೊಂಡು ಓದಿದಳು. ಮೂರನೆಯ ಸಲ ಬೆರಳಿಟ್ಟು ಒಂದೊಂದೇ ಪದ ಹಿಡಿದು ಓದಿದಳು. ಹಾಳೆ ತನ್ನ ಮಾತು ಬದಲಿಸಲಿಲ್ಲ. ಅವಳ ಗಂಡ ಜೋಸೆಫ್ ಫಿಂಡ್ಲೇ ಮೂರು ಮದುವೆಯಾಗಿದ್ದ.

ಅಷ್ಟಕ್ಕೇ ಮುಗಿದಿರಲಿಲ್ಲ. ಹದಿನೆಂಟನೆಯ ವಯಸ್ಸಿಗೆ ತಿಮಿಂಗಿಲದ ಬೇಟೆಗೆಂದು ಗ್ರೀನ್‌ಲ್ಯಾಂಡಿಗೆ ಹೋಗಿದ್ದ. ಭಾನುವಾರ ಪಿಟೀಲು ಬಾರಿಸಿ ಚರ್ಚಿನ ಹಿರಿಯರಿಂದ ಛೀಮಾರಿ ಹಾಕಿಸಿಕೊಂಡಿದ್ದ. ಬಂಡೆಗೆ ಬಡಿದು ಒಡೆದ ನಾರ್ವೆ ಹಡಗಿನ ಏಳು ಜನರನ್ನು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಈಜಿಹೋಗಿ ಬದುಕಿಸಿದ್ದ. ಊರಿನ ಪದ್ಧತಿ ಮುರಿದನೆಂದು ಹಿರಿಯರ ಮುಂದೆ ಮತ್ತೊಮ್ಮೆ ನಿಂತಿದ್ದ. ಕೊನೆಗೆ ಎಲ್ಲರ ಪ್ರೀತಿಗೆ ಪಾತ್ರನಾಗಿ ತೀರಿಕೊಂಡಿದ್ದ. ಒಂದೇ ಜನ್ಮದಲ್ಲಿ ಇಷ್ಟೆಲ್ಲ ಮಾಡಿದ ಮನುಷ್ಯನಿಗೆ ಮೀನು ಹಿಡಿಯಲು ಪುರುಸೊತ್ತು ಸಿಕ್ಕಿದ್ದು ಯಾವಾಗ ಎಂದು ಪಾದ್ರಿಗಳಿಗೆ ಒಮ್ಮೆಯಾದರೂ ಹೊಳೆಯಬೇಡವೇ?

ಚರ್ಚಿಗೆ ನೂರು ವರ್ಷ ತುಂಬಿದ ನೆನಪಿಗೆ ಅವರು ಊರಿನ ದೊಡ್ಡವರ ಜೀವನ ಬರೆದು ಪುಸ್ತಕ ಮಾಡಿಸುತ್ತಿದ್ದರು. ತಪ್ಪಿದ್ದರೆ ಹೇಳಿ ಎಂದು ಹಾಳೆಗಳನ್ನು ಬಾಗಿಲಿಗೆ ಅಂಟಿಸಿದ್ದರು. ನಾಳೆ, ಶುಕ್ರವಾರ ಮಧ್ಯಾಹ್ನ, ಗಾಡಿಯವನು ಅವನ್ನೆಲ್ಲ ಪಟ್ಟಣದ ಅಚ್ಚುಕೂಟಕ್ಕೆ ಒಯ್ಯುವವನಿದ್ದ.

ಎಲ್ಸ್‌ಪೆತ್ ಶಾಲನ್ನು ಬಿಗಿದುಕೊಂಡು ಪಾದ್ರಿಯ ಮನೆಗೆ ನಡೆದಳು.

"ಪಾದ್ರಿಗಳೇ, ನನ್ನ ಗಂಡನಿಗೆ ಇನ್ನಿಬ್ಬರು ಹೆಂಡ್ತೀರು ಎಲ್ಲಿಂದ ಬಂದ್ರು?"

ಪಾದ್ರಿ ಹ್ಯಾಮಿಲ್ಟನ್ ಎಡಿನ್‌ಬರೋದವರು. ಬಂದು ಎರಡು ವರ್ಷವಾಗಿತ್ತು. ಒಳ್ಳೆಯವರೇ. ಆದರೆ ಬರೆದಿಟ್ಟಿದ್ದನ್ನು ಬಿಟ್ಟು ಬೇರೇನನ್ನೂ ನಂಬುವವರಲ್ಲ.

"ಮಿಸೆಸ್ ಫಿಂಡ್ಲೇ, ಕೂತ್ಕೊಳ್ಳಿ. ಮದುವೆ ಪುಸ್ತಕದಲ್ಲಿ ಹಾಗೇ ಇದೆಯಲ್ಲ. ಜೋಸೆಫ್ ಫಿಂಡ್ಲೇ, ಮೂರು ಸಲ."

"ಅದು ಬೇರೆ ಜೋಸೆಫ್."

"ಬೇರೆ ಅಂದ್ರೆ? ಎಷ್ಟು ಜನ ಇದ್ರು?"

"ನನ್ನ ಕಾಲದಲ್ಲಿ ಮೂವರು. ದೊಡ್ಡ ಮಗನಿಗೆ ಅಜ್ಜನ ಹೆಸರು ಇಡ್ತೀವಲ್ಲ, ಹಾಗಾಗಿ ಅವರ ಅಜ್ಜಂದಿರೂ ಜೋಸೆಫ್‌ಗಳೇ."

ಪಾದ್ರಿಗಳ ಮುಖ ಬಿಳುಪೇರಿತು. "ಎರಡು ವರ್ಷದಿಂದ ಬರೀತಿದ್ದೀನಿ. ಒಬ್ಬರೂ ಹೇಳಲಿಲ್ಲವಲ್ಲ!"

"ಊರಿಗೆಲ್ಲ ಗೊತ್ತಿರೋದನ್ನ ಯಾರು ಬಂದು ಹೇಳ್ತಾರೆ? ನೀವು ಕೇಳಬೇಕಿತ್ತು."

"ಸರಿ, ನಾರ್ವೆ ಹಡಗಿನವರನ್ನ ಉಳಿಸಿದ್ದು ನಿಮ್ಮವರೇ ತಾನೇ?"

ನಲವತ್ತೈದು ವರ್ಷದ ಹಿಂದಿನ ಮಾತು. ಆ ದಿನ ಜೋಸೆಫ್ ಮೈಯೆಲ್ಲ ತೊಯ್ದು ಮನೆಗೆ ಬಂದಿದ್ದ, ಸುಮ್ಮನೆ ಬೆಂಕಿಯ ಮುಂದೆ ಕೂತಿದ್ದ. ಆದರೆ ಅವನು ತೊಯ್ದು ಬರದ ದಿನ ಯಾವುದಿತ್ತು? ಉಳಿದ ಗಂಡಸರನ್ನೆಲ್ಲ ಹೆಂಡಿರು ಲಂಗ ಮೇಲಕ್ಕೆ ಕಟ್ಟಿ, ಬೆನ್ನ ಮೇಲೆ ಹೊತ್ತು, ಅಲೆಗಳನ್ನು ದಾಟಿಸಿ ದೋಣಿಗೆ ಬಿಡುತ್ತಿದ್ದರು. ಗಂಡಸು ದಿನವಿಡೀ ಒಣ ಬೂಟಿನಲ್ಲಿ ಕೆಲಸ ಮಾಡಬೇಕಲ್ಲ. ಇವನೊಬ್ಬ ಮಾತ್ರ ತಾನೇ ನೀರಿಗಿಳಿದು ಹೋಗುತ್ತಿದ್ದ. ಯಾಕೆ ಎಂದರೆ, "ನೀನು ನಡೆದರೆ ಅಲುಗಾಡ್ತೀಯ, ನಂಗೆ ತಲೆ ಸುತ್ತುತ್ತೆ" ಎನ್ನುತ್ತಿದ್ದ. ಬಂದರು ಕಟ್ಟಿ ದೋಣಿಗಳು ಗೋಡೆಗೇ ಬಂದು ನಿಲ್ಲುವವರೆಗೆ, ಇಪ್ಪತ್ತು ವರ್ಷ, ದಡದಲ್ಲಿ ನಿಂತ ಹೆಂಗಸರ ನಗು ತಿಂದವಳು ಅವಳು. ಉಪ್ಪುಗಟ್ಟಿದ ಕಾಲುಚೀಲ ಒಗೆದು ಒಣಗಿಸಿದವಳೂ ಅವಳೇ. ಅಂಥವನಿಂದ ಒಂದಾದರೂ ಹೆಸರು ಬರಲಿ ಎಂದು ಅವಳಿಗಿತ್ತು.

"ನನ್ನವನೇ," ಎಂದಳು.

"ಆದರೆ ಇನ್ನೊಬ್ಬ ಮಿಸೆಸ್ ಫಿಂಡ್ಲೇ ಬೆಳಿಗ್ಗೆ ಬಂದು ಅವರ ಗಂಡ ಅಂದ್ರಲ್ಲ!" ಪಾದ್ರಿಗಳು ತಲೆ ಹಿಡಿದುಕೊಂಡರು. "ನೋಡಿ, ಬಾಯಿಮಾತಿನ ಮೇಲೆ ಬರೆಯೋಕಾಗಲ್ಲ. ಹಿರಿಯರ ಸಭೆಯ ಪುಸ್ತಕದಲ್ಲಿ ಇರಬೇಕು. ನಾಳೆ ಮಧ್ಯಾಹ್ನದೊಳಗೆ ಯಾವುದು ಯಾರದ್ದು ಅಂತ ಬಿಡಿಸಿ ಕೊಟ್ಟರೆ ಸರಿ. ಇಲ್ಲದಿದ್ದರೆ ಜೋಸೆಫ್ ಫಿಂಡ್ಲೇಯ ಪುಟವನ್ನೇ ತೆಗೀತೀನಿ. ಆ ಸಭೆಯ ಪುಸ್ತಕದ ಅಂಚಿನಲ್ಲಿ ಒಂದೊಂದು ಕಡೆ ಒಂದೊಂದು ಮಾತು ಗೀಚಿದ್ದಾರೆ, ನಾನು ದೋಣಿಗಳ ಹೆಸರು ಅಂದುಕೊಂಡಿದ್ದೆ. ಓದಲಾ?"

"ಓದಬೇಡಿ!" ಎಲ್ಸ್‌ಪೆತ್ ಕಿವಿ ಮುಚ್ಚಿಕೊಂಡು ಹೊಸ್ತಿಲು ದಾಟಿಯಾಗಿತ್ತು.

ಅವು ದೋಣಿಯ ಹೆಸರುಗಳಲ್ಲ, ಗಂಡಸರ ಅಡ್ಡಹೆಸರುಗಳು. ಒಂದೇ ಹೆಸರಿನವರು ಅಷ್ಟು ಜನವಿದ್ದರೆ ದೋಣಿಯಲ್ಲಿ ಕೂಗುವುದು ಹೇಗೆ? ಅದಕ್ಕೇ ಜೊತೆಯವರು ಒಂದೊಂದು ಇಟ್ಟುಬಿಡುತ್ತಿದ್ದರು. ಊರಿಗೆಲ್ಲ ಅದು ಗೊತ್ತು, ಅವನ ಮನೆಯವಳಿಗೆ ಮಾತ್ರ ಗೊತ್ತಿರಕೂಡದು. ಮನೆಯ ಗಂಡಸೊಬ್ಬ ಕಡಲಿನಲ್ಲಿರುವಾಗ ಆ ಹೆಸರು ಮನೆಯವಳ ಕಿವಿಗೆ ಬಿದ್ದರೆ ದೋಣಿ ತಿರುಗಿ ಬರುವುದಿಲ್ಲ. ಎಲ್ಸ್‌ಪೆತಳ ಗಂಡ ಸತ್ತು ಹನ್ನೊಂದು ವರ್ಷವಾಗಿದ್ದರೂ ಮಗ ರಾಬರ್ಟ್ ಸೋಮವಾರದಿಂದ ಹೆರಿಂಗ್ ಮೀನಿನ ಬೆನ್ನು ಹತ್ತಿ ಕಡಲಿನಲ್ಲಿದ್ದ.

ಬಂದರಿನ ಕಟ್ಟೆಯ ಮೇಲೆ ಮುದುಕ ಸ್ಯಾಂಡಿ ಬಲೆ ಹೆಣೆಯುತ್ತ ಕೂತಿದ್ದ. ಮೂವರು ಜೋಸೆಫರ ಜೊತೆಗೂ ದೋಣಿ ಏರಿದವನು ಈಗ ಊರಿನಲ್ಲಿ ಅವನೊಬ್ಬನೇ ಉಳಿದಿದ್ದ.

"ಸ್ಯಾಂಡಿ, ನನ್ನವನನ್ನ ಏನಂತ ಕೂಗ್ತಿದ್ರು ಅಂತ ಪುಸ್ತಕ ಬರೆಯೋರಿಗೆ ನೀನೇ ಹೋಗಿ ಹೇಳ್ಬೇಕು ಕಣೋ."

"ಜೋಸೆಫ್ ಅಂತ."

"ತಮಾಷೆ ಬೇಡ. ಪಾದ್ರಿಗಳು ಮೂವರನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿಬಿಟ್ಟಿದ್ದಾರೆ."

ಸ್ಯಾಂಡಿ ಕೈಯಲ್ಲಿದ್ದ ಸೂಜಿಯ ಕಬ್ಬಿಣವನ್ನು ಥಟ್ಟನೆ ಹಿಡಿದುಕೊಂಡ. ಕಡಲ ಹತ್ತಿರ ಪಾದ್ರಿಯನ್ನು ಪಾದ್ರಿ ಎನ್ನುವುದೂ ಅಪಶಕುನವೇ, ಕಬ್ಬಿಣ ಮುಟ್ಟಿದರೆ ದೋಷ ತಟ್ಟುವುದಿಲ್ಲ. "ಕರಿಕೋಟಿನವರು ಅನ್ನೇ! ವಯಸ್ಸಾಯ್ತು, ಇನ್ನೂ ಬುದ್ಧಿ ಬರ್ಲಿಲ್ಲ ನಿಂಗೆ."

"ಅಂದೆ, ಕರಿಕೋಟು. ಈಗಾದ್ರೂ ಹೋಗಿ ಹೇಳು."

"ಆ ಮನೆಗೆ ನಾನು ಕಾಲಿಡಲ್ಲ. ರಾಬರ್ಟ್ ಬರ್ಲಿ, ನಿಂಗೇ ಹೇಳ್ತೀನಿ."

"ಅವನು ಬರೋದು ಶನಿವಾರ. ನಂಗೆ ಬೇಕಿರೋದು ನಾಳೆ!"

"ಹಂಗಾದ್ರೆ ಜೆಸ್ಸಿನ ಕರ್ಕೊಂಡು ಹೋಗು. ನೀನು ಹೊರಗೆ ನಿಂತ್ಕೋ, ಅವಳು ಒಳಗೆ ಹೋಗಿ ಆ ಕರಿಕೋಟಿನವರ ಕಿವೀಲಿ ಹೇಳ್ಲಿ."

ಎಲ್ಸ್‌ಪೆತಳಿಗೆ ಮೈಯೆಲ್ಲ ಉರಿದುಹೋಯಿತು. ಹೋಗಿ ಹೋಗಿ ಜೆಸ್ಸಿಯ ಬಾಯನ್ನು ನಂಬಬೇಕೇ? ಜೆಸ್ಸಿಯೂ ಜೋಸೆಫ್ ಫಿಂಡ್ಲೇಯ ವಿಧವೆಯೇ, ಗೋಡೆಗೆ ಗೋಡೆ ತಾಗಿದ ಮನೆ. ನಾರ್ವೆಯವರನ್ನು ಉಳಿಸಿದ್ದು ತನ್ನ ಗಂಡ ಎಂದು ನಲವತ್ತೈದು ವರ್ಷ ಅದೇ ಗೋಡೆಯಾಚೆಯಿಂದ ಹೇಳುತ್ತ ಬಂದವಳು. ಅವಳಿಗೆ ಇದ್ದವರೆಲ್ಲ ಹೆಣ್ಣುಮಕ್ಕಳು, ಮನೆಯಿಂದ ಕಡಲಿಗೆ ಹೋಗುವವರು ಯಾರೂ ಇರಲಿಲ್ಲ. ಹಾಗಾಗಿ ಅವಳ ಗಂಡನ ಅಡ್ಡಹೆಸರು ಬೆಣ್ಣೆ ಎಂಬುದನ್ನು ಊರೆಲ್ಲ ಅವಳೆದುರೇ ಆಡುತ್ತಿತ್ತು. ಚಿಕ್ಕಂದಿನಲ್ಲಿ ಬೆಣ್ಣೆಯ ಗಡಿಗೆಗೆ ಬಿದ್ದಿದ್ದನಂತೆ.

ಬೇರೆ ದಾರಿ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ಜೆಸ್ಸಿಯ ಬಾಗಿಲು ಬಡಿದಳು.

"ಏನೇ, ನನ್ನ ಗಂಡನ್ನ ಬಿಟ್ಟು ನಿನ್ನ ಗಂಡನ ಹೆಸರು ಬರೆಸೋಕೆ ನಿನ್ನೆ ಓಡಿಹೋಗಿದ್ಯಂತೆ?"

"ಹೆಸರು ಒಂದೇ ಕಣೇ. ಯಾರದ್ದು ಬಿಟ್ಟು ಯಾರದ್ದು ಬರೆಸ್ಲಿ?" ಜೆಸ್ಸಿ ಓಟ್ಸ್ ರೊಟ್ಟಿ ಅಗಿಯುತ್ತಲೇ ಹೇಳಿದಳು. "ಗ್ರೀನ್‌ಲ್ಯಾಂಡಿನ ಜೋಸೆಫನ ಮಕ್ಕಳು ಕೆನಡಾ ಸೇರ್ಕೊಂಡ್ರು. ಅವನ ಹೆಂಡ್ತಿ, ನೀನು, ನಾನು, ಮೂವರೂ ಒಬ್ಬನ ತಲೆಗೇ ಬಿದ್ವಿ ನೋಡು. ಪಿಟೀಲೂ ಅವನದ್ದೇ. ನನ್ನವನು ಭಾನುವಾರ ಕೆಮ್ತಾನೂ ಇರ್ಲಿಲ್ಲ."

"ನಿನ್ನವನ ಪಿಟೀಲು ನಮ್ಮ ಗೋಡೆಯಾಚೆ ಕೇಳ್ತಿತ್ತು."

"ಅದು ಬೆಕ್ಕು."

ಎಲ್ಸ್‌ಪೆತ್ ಹಲ್ಲು ಕಚ್ಚಿ ಬಂದ ವಿಷಯ ಹೇಳಿದಳು. ಜೆಸ್ಸಿ ಅಗಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದಳು.

"ನಾನು ಸುಳ್ಳು ಹೇಳಿದ್ರೆ?"

"ಹೇಳಿದ್ರೆ ಹೇಳು. ನಿನ್ನ ಮನೆ ನನ್ನ ಮನೆ ಪಕ್ಕದಲ್ಲೇ ಇದೆ, ಸಾಯೋವರೆಗೂ."

ಜೆಸ್ಸಿ ಶಾಲು ಹೊದ್ದುಕೊಂಡಳು.

ಪಾದ್ರಿಯ ಮನೆಯ ಅಂಗಳದಲ್ಲಿ, ಎಲೆಕೋಸಿನ ಮಡಿಯ ಪಕ್ಕ, ಎಲ್ಸ್‌ಪೆತ್ ಎರಡೂ ಕಿವಿಗೆ ಬೆರಳಿಟ್ಟು ನಿಂತಳು. ಕಿಟಕಿಯ ಗಾಜಿನಲ್ಲಿ ಜೆಸ್ಸಿಯ ತುಟಿ ಆಡುವುದು ಕಾಣುತ್ತಿತ್ತು. ಒಂದು ಹೆಸರು ಹೇಳಲು ಇಷ್ಟು ಹೊತ್ತು ಬೇಕೇ? ಪಾದ್ರಿಗಳು ದೊಡ್ಡ ಪುಸ್ತಕ ತೆರೆದರು, ಹಾಳೆ ತಿರುವಿದರು, ಹಿಂದಕ್ಕೆ ತಿರುವಿದರು, ಕನ್ನಡಕ ಒರೆಸಿಕೊಂಡರು. ನೀರುಹಕ್ಕಿಯೊಂದು ಬೇಲಿಯ ಮೇಲೆ ಕೂತು ಅವಳನ್ನು ನೋಡಿತು. ತೋಳು ನೋಯತೊಡಗಿತು. ಗಾಡಿಯವನ ಕುದುರೆ ಆಗಲೇ ರಸ್ತೆಯ ತಿರುವಿನಲ್ಲಿ ನಿಂತಿತ್ತು. ಎಪ್ಪತ್ತೆರಡು ವರ್ಷದ ಹೆಂಗಸು ಕಿವಿಗೆ ಬೆರಳಿಟ್ಟುಕೊಂಡು ಕೋಸಿನ ಮಡಿಯಲ್ಲಿ ನಿಲ್ಲುವಂತೆ ಮಾಡಿದೆಯಲ್ಲೋ ಮಹರಾಯ ಎಂದು ಅವಳು ಸತ್ತ ಗಂಡನನ್ನು ಮನಸ್ಸಿನಲ್ಲೇ ಬೈದಳು. ತೋಳು ಸೋತು, ಒಂದೇ ಒಂದು ಗಳಿಗೆ ಕೈ ಇಳಿಸಿದಳು.

ಅದೇ ಗಳಿಗೆಗೆ ಪಾದ್ರಿಗಳು ಪುಸ್ತಕ ಎತ್ತಿಕೊಂಡು ಸಂಭ್ರಮದಿಂದ ಹೊರಗೋಡಿ ಬಂದರು.

"ಸಿಕ್ಕಿದರು, ಮಿಸೆಸ್ ಫಿಂಡ್ಲೇ! ಒದ್ದೆಗಾಲು! ನಿಮ್ಮವರು ಒದ್ದೆಗಾಲು ಜೋಸೆಫ್!"

"ಅಯ್ಯೋ ನಿಮ್ಮ ಬಾಯಿಗಿಷ್ಟು!" ಒಳಗಿನಿಂದ ಜೆಸ್ಸಿ ಕೂಗಿದಳು. "ಅವಳೆದುರು ಹೇಳ್ಬೇಡಿ ಅಂತ ಮೂರು ಸಲ ಹೇಳಿದ್ನಲ್ಲ ನಿಮಗೆ!" ಅವಳು ಬೆಂಕಿ ಕೆದಕುವ ಕಬ್ಬಿಣದ ಸರಳನ್ನು ಹಿಡಿದು ಮುದಿಗಾಲಿನಲ್ಲಿ ಓಡಿಬಂದಳು. "ಹಿಡ್ಕೋ ಎಲ್ಸ್‌ಪೆತ್, ತಣ್ಣನೆ ಕಬ್ಬಿಣ, ಬಿಡಬೇಡ!"

ಎಲ್ಸ್‌ಪೆತ್ ಎರಡೂ ಕೈಯಿಂದ ಹಿಡಿದುಕೊಂಡಳು. ಕೋಸಿನಾಚೆ ಕಡಲು ಕಾಣುತ್ತಿತ್ತು, ಬಿಸಿಲು ಬಿದ್ದು ಸಪಾಟಾಗಿತ್ತು. ಪಾದ್ರಿಗಳು ಅಪರಾಧಿಯ ಹಾಗೆ ನಿಂತಿದ್ದರು.

"ಕೇಳಿದ್ದಾಯ್ತು," ಎಂದಳು ಕೊನೆಗೆ. "ಇನ್ನು ಪೂರ್ತಿ ಓದಿ. ಮೊದಲು ಹಡಗಿಂದು."

ಪಾದ್ರಿಗಳು ಗಂಟಲು ಸರಿಮಾಡಿಕೊಂಡರು. "ಹಗ್ಗ ಕಟ್ಟಿಕೊಂಡು ನೀರಿಗೆ ಹಾರಿದವನು ಜೋಸೆಫ್ ಫಿಂಡ್ಲೇ. ಅಂಚಿನಲ್ಲಿ ಬೆಣ್ಣೆ ಅಂತಿದೆ. ಇದೊಂದನ್ನ ಮಾತ್ರ ನಾನು ಚರ್ಚಿಗೆ ಯಾರೋ ಬೆಣ್ಣೆ ಕೊಟ್ಟಿದ್ದು ಅಂದುಕೊಂಡಿದ್ದೆ."

ಎಲ್ಸ್‌ಪೆತ್ ತಲೆಯೆತ್ತಿ ಜೆಸ್ಸಿಯ ಕಡೆ ನೋಡಲಿಲ್ಲ. ಗೋಡೆಯಾಚೆಯಿಂದ ಬಂದ ಮಾತು ನಿಜವೇ ಆಗಿತ್ತು.

"ಪಿಟೀಲಿನ ಪಕ್ಕದಲ್ಲೂ ಬೆಣ್ಣೆ ಅಂತಲೇ ಇದೆ," ಎಂದರು ಪಾದ್ರಿಗಳು.

"ಅದನ್ನ ಯಾರು ಕೇಳಿದ್ರು?" ಎಂದಳು ಜೆಸ್ಸಿ.

"ಒದ್ದೆಗಾಲಿಂದು?" ಎಲ್ಸ್‌ಪೆತಳ ದನಿ ಸಣ್ಣದಾಗಿತ್ತು.

"ಒಂದೇ ಕಡೆ ಇದೆ. ಪದ್ಧತಿ ಮುರಿದ ದೂರು. ಸಾವಿರದ ಎಂಟುನೂರ ಎಪ್ಪತ್ತೊಂಬತ್ತು, ಜನವರಿ." ಅವರು ನಿಧಾನವಾಗಿ ಓದಿದರು. "ಜೋಸೆಫ್ ಫಿಂಡ್ಲೇ ಹಾಜರಾದನು. ಇವನು ಹೆಂಡತಿಯ ಬೆನ್ನೇರದೆ ತಾನೇ ನೀರಿನಲ್ಲಿ ನಡೆದು ದೋಣಿಗೆ ಹೋಗುತ್ತಿರುವುದರಿಂದ ತಮ್ಮ ಹೆಂಗಸರೂ ಗೊಣಗತೊಡಗಿದ್ದಾರೆಂದು ಒಂಬತ್ತು ಮಂದಿ ಗಂಡಸರ ದೂರು. ಕಾರಣ ಕೇಳಲಾಯಿತು. ಕೂಸನ್ನು ಮಣ್ಣು ಮಾಡಿ ಮೂರು ತಿಂಗಳಾಗಿದೆ, ಅವಳು ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದಾಳೆ, ಅವಳ ಬೆನ್ನಿಗೆ ನಾನು ಇನ್ನು ಹತ್ತುವುದಿಲ್ಲ ಎಂದನು. ಎಲ್ಲಿಯವರೆಗೆ ಎಂದು ಕೇಳಿದ್ದಕ್ಕೆ, ಇನ್ನು ಎಂದರೆ ಇನ್ನು ಎಂದನು. ಎಚ್ಚರಿಕೆ ಕೊಟ್ಟು ಕಳುಹಿಸಲಾಯಿತು."

ಜೆಸ್ಸಿ ಮೂಗು ಒರೆಸಿಕೊಂಡಳು.

"ನಾವೆಲ್ಲ ನಗ್ತಿದ್ವಿ," ಎಂದಳು. "ದಡದಲ್ಲಿ ನಿಂತ್ಕೊಂಡು. ನಿಂಗೆ ಶಕ್ತಿ ಸಾಲ್ದು ಅಂತ ನಗ್ತಿದ್ವಿ ಕಣೇ. ಬೆನ್ನೆಲ್ಲ ನೋವು ನಮಗೆ, ನಗೋದು ನಿನ್ನ."

ಎಲ್ಸ್‌ಪೆತ್ ಸರಳಿನ ಮೇಲಿನ ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿದಳು. ಅಲುಗಾಡ್ತೀಯ ಅಂದಿದ್ದನಲ್ಲ! ತಲೆ ಸುತ್ತುತ್ತೆ ಅಂದಿದ್ದನಲ್ಲ, ಬಿರುಗಾಳಿಯಲ್ಲಿ ದೋಣಿ ನಡೆಸಿದವನು! ಒಂಬತ್ತು ಗಂಡಸರು ಮತ್ತು ಅಷ್ಟೂ ಹಿರಿಯರ ಮುಂದೆ ನಿಂತು ಹೇಳಿದ್ದನ್ನು ಮನೆಯಲ್ಲಿ ಹೇಳಲು ಏನು ಬಂದಿತ್ತು ರೋಗ?

ಪಾದ್ರಿಗಳು ಮೆಲ್ಲಗೆ ಕೇಳಿದರು: "ದೂರಿನ ಮಾತು ಇಂಥ ಪುಸ್ತಕಕ್ಕೆ ಅಷ್ಟು ಚೆನ್ನಾಗಿರಲ್ಲ. ಹಡಗಿನ ವಿಷಯ ಇನ್ನೊಬ್ಬ ಮಿಸೆಸ್ ಫಿಂಡ್ಲೇಯವರಿಗೆ ಹೋಯ್ತು. ನಿಮ್ಮವರ ಬಗ್ಗೆ ಒಳ್ಳೆಯ ಮೀನುಗಾರ ಅಂತ ಒಂದು ಸಾಲು ಬರೆದುಬಿಡಲಾ?"

"ಅವನು ಅಂಥಾ ಒಳ್ಳೆ ಮೀನುಗಾರ ಏನೂ ಅಲ್ಲ. ಅಲ್ಲಿರೋದನ್ನೇ ಬರೀರಿ. ಒಂದಕ್ಷರ ಬಿಡದೆ. ಅಡ್ಡಹೆಸರೂ ಸೇರಿಸಿ."

"ಅಡ್ಡಹೆಸರೂ? ಮನೆಯವರು ಓದಬಾರದು ಅಂದ್ರಲ್ಲ..."

"ಪುಸ್ತಕ ಕೈಗೆ ಬರೋದು ಯಾವಾಗ?"

"ಹೊಸ ವರ್ಷದ ದಿನ."

"ಅವತ್ತು ಒಂದು ದೋಣಿಯೂ ಕಡಲಿಗಿಳಿಯಲ್ಲ. ಹೂಂ, ಬರೀರಿ, ಗಾಡಿಯವನು ಕಾಯ್ತಿದ್ದಾನೆ."

ಪಾದ್ರಿಗಳು ಕೂತು ಹೊಸ ಹಾಳೆ ಬರೆದರು. ಒಂದು ಪುಟ ಮೂರಾಯಿತು. ಗಾಡಿಯವನು ಹೊರಗೆ ಎರಡು ಸಲ ಗಂಟೆ ಬಾರಿಸಿದ, ಎರಡು ಸಲವೂ ಜೆಸ್ಸಿ ಅವನನ್ನು ಗದರಿಸಿ ನಿಲ್ಲಿಸಿದಳು.

ಮನೆಗೆ ಹೋಗುವಾಗ ಎಲ್ಸ್‌ಪೆತ್ ಸರಳನ್ನು ಹಿಂದಿರುಗಿಸಲಿಲ್ಲ. ಪಾದ್ರಿಗಳೂ ಕೇಳುವ ಧೈರ್ಯ ಮಾಡಲಿಲ್ಲ. ಅಡುಗೆ ಮಾಡುವಾಗ ಅದು ಅವಳ ಕಂಕುಳಲ್ಲಿತ್ತು, ಮಲಗುವಾಗ ಹಾಸಿಗೆಯಲ್ಲಿತ್ತು.

ಶನಿವಾರ ಬೆಳಿಗ್ಗೆ ರಾಬರ್ಟ್ ಒಳಗೆ ಬಂದು ಬೂಟು ಕಳಚುತ್ತ, ಅಮ್ಮ ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಕಬ್ಬಿಣದ ಸರಳು ಹಿಡಿದು ನಿಂತಿರುವುದನ್ನು ಕಂಡ.

"ಏನಮ್ಮ ಇದು? ಯಾರದ್ದು?"

ಎಲ್ಸ್‌ಪೆತ್ ಮಗನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಸರಳನ್ನು ಮೇಜಿನ ಮೇಲೆ ಇಟ್ಟಳು. ಹಿಂದಿನ ದಿನದಿಂದ ಹಿಡಿದಿದ್ದ ಬೆರಳುಗಳು ಬೇಗನೆ ಬಿಚ್ಚಿಕೊಳ್ಳಲಿಲ್ಲ.

"ಪಾದ್ರಿಗಳದ್ದು. ಚಹಾ ಕುಡಿದು ಅವರಿಗೆ ಕೊಟ್ಟು ಬಾ," ಎಂದಳು. "ನಿಮ್ಮಪ್ಪ ಬಾಯಿ ಬಿಟ್ಟು ಒಂದು ಮಾತು ಹೇಳಿದ್ದಿದ್ರೆ ಇದೊಂದೂ ಆಗ್ತಿರ್ಲಿಲ್ಲ."