ಒತ್ತಿ ಹಿಡಿದ ಕಾಲು

ಕಾಲೆತ್ತಬಾರದು. ಒತ್ತಬೇಕು. ಏನೇ ಆಗಲಿ, ಒತ್ತಬೇಕು.

ಹೊದಿಕೆಯನ್ನು ಗಲ್ಲದ ಕೆಳಗೆ ಸಿಕ್ಕಿಸಿಕೊಂಡು ಮಡಿಸುತ್ತ ಅವಳು ಮನಸ್ಸಿನಲ್ಲೇ ಹೇಳಿಕೊಂಡಳು. ಅಣ್ಣನ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಹಾಸಿಗೆಯಾಗಿ ಬಿಚ್ಚಿದ್ದ ಸೋಫಾವನ್ನು ಸದ್ದಾಗದಂತೆ ಮತ್ತೆ ಸೋಫಾ ಮಾಡಿ, ದಿಂಬನ್ನು ಟೀವಿಯ ಹಿಂದೆ ಅಡಗಿಸಿಡುವುದು ಅವಳಿಗೆ ಅಭ್ಯಾಸವಾಗಿತ್ತು. ಹಜಾರದಲ್ಲಿ ರಾತ್ರಿ ಒಬ್ಬಳು ಮಲಗಿದ್ದಳು ಎನ್ನುವ ಗುರುತೇ ಉಳಿಯುತ್ತಿರಲಿಲ್ಲ.

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಮಧ್ಯಾಹ್ನ ಹೊಸ ಸೋಫಾ ಬರುತ್ತಂತೆ. ನಿಮ್ಮಣ್ಣ ಹೇಳಿದ್ರಾ?"

"ಇಲ್ಲ."

"ಮರ್ತಿರ್ತಾರೆ. ಇದನ್ನ ಅಂಗಡಿಯವರೇ ತಗೊಂಡು ಹೋಗ್ತಾರೆ."

"ಹೊಸದು ಬಿಚ್ಚುತ್ತಾ ಅತ್ತಿಗೆ?"

ಅತ್ತಿಗೆ ಒಲೆಯ ಕಡೆ ತಿರುಗಿದಳು. "ಚೆನ್ನಾಗಿದೆ. ಬೂದು ಬಣ್ಣ."

ಬಚ್ಚಲಿನಲ್ಲಿ ಅಣ್ಣ ಬಹಳ ಹೊತ್ತಿನಿಂದ ನೀರು ಸುರಿದುಕೊಳ್ಳುತ್ತಿದ್ದ. ಇಷ್ಟು ಸ್ನಾನ ಮಾಡುವಷ್ಟು ಅವನು ಕೊಳೆಯಾದವನಲ್ಲ. ಅವಳು ಚಪ್ಪಲಿ ಮೆಟ್ಟಿ ಗೇಟು ಹಾಕಿಕೊಂಡ ಮೇಲೆ ನಲ್ಲಿ ನಿಂತಿತು.

ಊರಾಚೆಯ ತರಬೇತಿ ಬಯಲಿನಲ್ಲಿ ಮೂರು ಬುಲ್ಡೋಜರುಗಳು ಕಾಯುತ್ತಿದ್ದವು. ಕಲಿಯುವವರು ಅವಕ್ಕೆ ಹೆಸರಿಟ್ಟಿದ್ದರು. ಎಲ್ಲಕ್ಕಿಂತ ಸಣ್ಣದು ಮರಿ, ನಡುವಿನದು ಚಿಕ್ಕಪ್ಪ, ಏಣಿ ಹತ್ತಿ ಕೂರಬೇಕಾದದ್ದು ದೊಡ್ಡಪ್ಪ. ಬಯಲಿನ ನಡುವೆ ಒಂದು ಮಣ್ಣಿನ ಗುಡ್ಡೆ. ಬೆಳಗ್ಗೆ ಅದನ್ನು ಈ ಬದಿಯಿಂದ ಆ ಬದಿಗೆ ತಳ್ಳುತ್ತಿದ್ದರು, ಸಂಜೆ ಆ ಬದಿಯಿಂದ ಈ ಬದಿಗೆ. ವರ್ಷಗಟ್ಟಲೆ ತಳ್ಳಿಸಿಕೊಂಡು ಆ ಮಣ್ಣು ಹಿಟ್ಟಿನಂತಾಗಿತ್ತು. ಅದರಲ್ಲಿ ಹುಲ್ಲೂ ಹುಟ್ಟುತ್ತಿರಲಿಲ್ಲ.

ಅವಳು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡಿದವಳು. ಭೂಗೋಳ ಓದಲು ಯಾರೂ ಬರದೆ ವಿಭಾಗವನ್ನೇ ಮುಚ್ಚಿದ್ದರು. ಆಮೇಲೆ ಪತ್ರಿಕೆಯಲ್ಲಿ ಒಂದು ಗಣಿಯ ಜಾಹೀರಾತು ಕಂಡಿತ್ತು: ದೊಡ್ಡ ಯಂತ್ರ ಓಡಿಸಬಲ್ಲವರು ಬೇಕು, ಹೆಂಗಸರಾದರೂ ಸರಿ, ಇರಲು ಪ್ರತ್ಯೇಕ ಕೋಣೆ ಉಂಟು. ಅವಳು ಓದಿದ್ದು ಕೊನೆಯ ಸಾಲನ್ನು ಮಾತ್ರ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ. ಇವತ್ತು ಗಣಿಯ ಮ್ಯಾನೇಜರು ಪರೀಕ್ಷೆ ನೋಡಲು ಬರುವವನಿದ್ದ. ದೊಡ್ಡಪ್ಪನ ಮೇಲೆ ಕೂತು, ಮಣ್ಣು ತಳ್ಳಿಕೊಂಡು ಹೋಗಿ, ಯಂತ್ರದ ಮುಂದಿನ ಕಬ್ಬಿಣದ ಬ್ಲೇಡನ್ನು ಸುಣ್ಣದ ಗೆರೆಯ ಮೇಲೆ ನಿಲ್ಲಿಸಬೇಕು. ಗೆರೆ ದಾಟಿದರೆ ಕೋಣೆ ಇಲ್ಲ.

"ಏನ್ ಮೇಡಂ, ಮುಖ ಸುಣ್ಣ ಆಗಿದೆ. ಗೆರೆ ಎಳೆಯೋಕೆ ಬೇರೆ ಸುಣ್ಣ ಬೇಡ ಬಿಡಿ," ಅಂದ ಬಸ್ಸಿನವನು. ಮೊದಲು ಬಸ್ಸು ಓಡಿಸುತ್ತಿದ್ದವನು, ಅವಳ ಜೊತೆಗೇ ಸೇರಿದ್ದ.

"ನಿದ್ದೆ ಬರ್ಲಿಲ್ಲ."

"ನನಗೂ. ಕನಸಲ್ಲೂ ಈ ಹಾಳು ಪೆಡಲು. ನನ್ನ ಹೆಂಡ್ತಿ ಕಾಲು ತುಳಿದು ಬೈಸ್ಕೊಂಡೆ."

ಆ ಪೆಡಲು ಎಲ್ಲರನ್ನೂ ಮೊದಲ ದಿನವೇ ಬೇಸ್ತು ಬೀಳಿಸಿತ್ತು. ಕಾರಿನಲ್ಲಿ, ಬಸ್ಸಿನಲ್ಲಿ ಒತ್ತಿದರೆ ಗಾಡಿ ಓಡುತ್ತದೆ, ಕಾಲು ತೆಗೆದರೆ ನಿಧಾನವಾಗುತ್ತದೆ. ಇಲ್ಲಿ ಎಂಜಿನು ತಾನಾಗಿಯೇ ಪೂರ್ತಿ ವೇಗದಲ್ಲಿರುತ್ತದೆ. ಒತ್ತಿದರೆ ತಗ್ಗುತ್ತದೆ, ಪೂರ್ತಿ ಒತ್ತಿದರೆ ಯಂತ್ರ ನಿಲ್ಲುತ್ತದೆ. ಹೆದರಿ ಕಾಲೆತ್ತಿದಿರೋ, ನುಗ್ಗುತ್ತದೆ.

ಬಸ್ಸಿನವನ ಕಾಲು ವಾರದಲ್ಲಿ ಪಳಗಿತು. ಅವಳದು ಪಳಗಲಿಲ್ಲ. ಹೆದರಿಕೆಯಾದಾಗ ಕಾಲು ಹಿಂದಕ್ಕೆ ತೆಗೆದುಕೊಂಡೇ ಅವಳು ಇಲ್ಲಿಯವರೆಗೆ ಬದುಕಿದ್ದಳು. ಬೇರೆಯಾಗೋಣ ಎಂದು ಗಂಡ ಅಂದಾಗ "ನಿಮ್ಮಿಷ್ಟ" ಅಂದಿದ್ದಳು. ಹಾಗಂದರೆ ಆತ ಒಂದು ಗಳಿಗೆ ತಡೆದಾನು ಅಂದುಕೊಂಡಿದ್ದಳು. ಆತ ಆ ವಾರವೇ ಪೆಟ್ಟಿಗೆ ಕಟ್ಟಿದ. ವಿಭಾಗ ಮುಚ್ಚುವ ಮಾತು ಬಂದಾಗಲೂ ಪ್ರಿನ್ಸಿಪಾಲರ ಎದುರು ಅವಳ ಬಾಯಿಗೆ ಬಂದದ್ದು ಅದೇ ಪದ.

ಮರಿಯ ಮೇಲೆ ಕೂತಾಗ ಬ್ಲೇಡಿನ ಅಂಚು ಕಾಣುತ್ತಿತ್ತು, ಮಣ್ಣು ಮಗುಚುವುದು ಕಾಣುತ್ತಿತ್ತು. ಸಣ್ಣ ಕಲ್ಲು ಸಿಕ್ಕರೂ ಬೆನ್ನಿಗೆ ತಿಳಿಯುತ್ತಿತ್ತು. ಚಿಕ್ಕಪ್ಪನ ಮೇಲಿಂದ ಬ್ಲೇಡಿನ ಎರಡು ಮೂಲೆ ಮಾತ್ರ. ದೊಡ್ಡಪ್ಪನ ಮೇಲಿಂದ ಏನೂ ಇಲ್ಲ. ಎದುರಿಗೆ ಕಬ್ಬಿಣದ ಗೋಡೆ, ಅದರ ಮೇಲೆ ಆಕಾಶ.

ಫೋನು ಬಂತು. ಅತ್ತಿಗೆ.

"ಸೋಫಾ ಬೇಗನೇ ಬಂದ್ಬಿಡ್ತು ಕಣೆ. ಹಜಾರ ಎಷ್ಟು ದೊಡ್ಡದಾಗಿ ಕಾಣ್ತಿದೆ ಗೊತ್ತಾ?"

"ಹೌದಾ."

"ಟೀವಿ ಹಿಂದೆ ನಿನ್ನ ದಿಂಬು ಸಿಕ್ತು. ಎಲ್ಲಿಡಲಿ?"

ದೂರದಲ್ಲಿ ಜೀಪಿನಿಂದ ಒಬ್ಬ ಇಳಿಯುತ್ತಿದ್ದ. ಕಲಿಸುವವನು ಅವನಿಗೆ ಕುರ್ಚಿ ಒರೆಸುತ್ತಿದ್ದ.

"ನಿಮ್ಮಿಷ್ಟ," ಅಂದಳು.

ಏಣಿ ಹತ್ತಿ ಕೂತಳು. ಎಂಜಿನು ಗುಡುಗಿತು. ಕೆಳಗೆ ಬಲಬದಿಯಲ್ಲಿ ನಿಂತು ಕಲಿಸುವವನು ಕೈ ಬೀಸಿದ. ಅವನ ಕೈಯನ್ನೇ ನೋಡುತ್ತ ಹೋಗಬೇಕು, ಮುಷ್ಟಿ ಕಟ್ಟಿದಾಗ ಒತ್ತಬೇಕು. ಬ್ಲೇಡು ಇಳಿಯಿತು. ಯಂತ್ರ ಹೊರಟಿತು. ಗುಡ್ಡೆ ಸರಿಯುತ್ತಿದೆಯೋ ಇಲ್ಲವೋ, ಮೈಗೆ ಏನೂ ತಿಳಿಯಲಿಲ್ಲ. ಕುರ್ಚಿ ನಡುಗುತ್ತಿತ್ತು, ಅಷ್ಟೆ. ಅಡಿಯಲ್ಲಿ ಏನಿದ್ದರೂ ಅದು ಹೀಗೇ ನಡುಗುತ್ತಿತ್ತು.

ಗಾಳಿ ತಿರುಗಿತು. ಹಿಟ್ಟಿನಂಥ ಮಣ್ಣು ಎದ್ದು ಕಲಿಸುವವನನ್ನು ಮುಚ್ಚಿತು. ಕೈಯೂ ಇಲ್ಲ, ಮುಷ್ಟಿಯೂ ಇಲ್ಲ.

ಅವಳ ಕಾಲು ಎದ್ದಿತು.

ದೊಡ್ಡಪ್ಪ ನುಗ್ಗಿದ. ಒತ್ತು, ಒತ್ತು ಎಂದು ಯಾರೋ ಅವಳದೇ ದನಿಯಲ್ಲಿ ಬೈಯುತ್ತಿದ್ದರು. ಅವಳು ಪೆಡಲಿನ ಮೇಲೆ ಇಡೀ ದೇಹವನ್ನು ಹೇರಿದಳು. ಗುಡುಗು ತಗ್ಗಿತು. ಯಂತ್ರ ನಿಂತಿತು. ಕಲಿಸಿದ್ದ ಕ್ರಮದಲ್ಲೇ ಕೈಗಳು ಬ್ರೇಕಿನ ಬೀಗ ಹಾಕಿ, ಕೀಲಿ ತಿರುಗಿಸಿ ಎಂಜಿನು ಆರಿಸಿದವು.

ಧೂಳು ಇಳಿದಾಗ ಮ್ಯಾನೇಜರು, ಕಲಿಸುವವನು, ಬಸ್ಸಿನವನು ಮೂವರೂ ಬ್ಲೇಡಿನ ಮುಂದೆ ನೆಲ ನೋಡುತ್ತಿದ್ದರು.

"ಗೆರೆ ಎಲ್ರೀ?" ಅಂದ ಮ್ಯಾನೇಜರು.

"ಇಲ್ಲೇ ಇತ್ತು ಸರ್. ಮಣ್ಣು ಬಿದ್ದು ಮುಚ್ಚಿದೆ."

"ದಾಟಿದ್ರಾ, ಇಲ್ವಾ?"

"ಮಣ್ಣು ತೆಗೆಸಿ ನೋಡೋಣ ಸರ್."

ಬಸ್ಸಿನವನು ಮರಿಯನ್ನು ತಂದ. ಬ್ಲೇಡಿನ ಮುಂದಿನ ಮಣ್ಣನ್ನು ಸ್ವಲ್ಪ ಸ್ವಲ್ಪವೇ ಕೆರೆದು ಪಕ್ಕಕ್ಕೆಳೆದ. ಅವಳು ಕೂತಲ್ಲಿಂದಲೇ ಪಕ್ಕಕ್ಕೆ ಬಗ್ಗಿ, ಬ್ಲೇಡಿನ ಮೂಲೆಯಾಚೆಗೆ ಇಣುಕಿದಳು. ಮಣ್ಣಿನಡಿ ಮಣ್ಣು. ಅದರಡಿಯೂ ಮಣ್ಣು. ಎಲ್ಲೋ ಒಂದು ಕಡೆ ಚಿಟಿಕೆ ಬಿಳಿ ಕಂಡಂತಾಯಿತು. ಮರಿ ಇನ್ನೊಮ್ಮೆ ಕೆರೆದಾಗ ಅದೂ ಇರಲಿಲ್ಲ. ಗೆರೆಯನ್ನು ಅವಳು ಅಳಿಸಿದ್ದಳೋ, ಹುಡುಕಲು ಬಂದ ಮರಿಯೇ ಅಳಿಸಿತೋ, ಇನ್ನು ಯಾರೂ ಹೇಳುವಂತಿರಲಿಲ್ಲ.

ಮ್ಯಾನೇಜರು ಪ್ಯಾಂಟು ಕೊಡವಿಕೊಂಡ. "ತಿಳಿಸ್ತೀವಿ," ಅಂದ, ಯಾರಿಗೋ. ಜೀಪು ಹೋಯಿತು.

ಬಿಸಿಲು ಬಾಡತೊಡಗಿತು. ಕಲಿಸುವವನು ಏಣಿ ಹತ್ತಿ ಬಂದ.

"ಇಳೀರಿ ಮೇಡಂ. ನಾನೂ ಮನೆಗೆ ಹೋಗ್ಬೇಕು. ನಿಮಗೂ ಮನೇಲಿ ಕಾಯ್ತಿರ್ತಾರೆ."

ಅವಳು ಅಲುಗಲಿಲ್ಲ.

"ಎಂಜಿನ್ ಆಫ್ ಆಗಿದೆ. ಆಗ್ಲೇ ಆಫ್ ಮಾಡಿದ್ದೀರ."

"ಗೊತ್ತು."

"ಮತ್ತೆ ಕಾಲು ತೆಗೀರಿ."

ಅವಳು ಕೆಳಗೆ ನೋಡಿದಳು. ಪೆಡಲಿನ ಮೇಲೆ ಒಂದು ಕಾಲು ಕೂತಿತ್ತು, ಬೆರಳುಗಳು ಮರಗಟ್ಟುವಷ್ಟು ಬಿಗಿಯಾಗಿ. ತೆಗೆಯಬೇಕು ಅಂದುಕೊಂಡಳು. ಅದು ಇನ್ನಷ್ಟು ಒತ್ತಿತು.

ಎದುರಿಗೆ, ಬ್ಲೇಡಿನ ಗೋಡೆಯಾಚೆ ಕಣ್ಣಿಗೆ ಬೀಳದ ಕಡೆ, ಮರಿ ಗುರುಗುಟ್ಟುತ್ತ ಆ ಮಣ್ಣನ್ನು ನಾಳೆಗಾಗಿ ಮತ್ತೆ ಮೊದಲಿನ ಜಾಗಕ್ಕೆ ತಳ್ಳುತ್ತಿತ್ತು.