ಜಿಡ್ಡಿಗೆ ಬಡಿದು ತಿರುಗಿದ್ದು

ಬಚ್ಚಲಿನ ಜಾಲರಿಯೊಳಗೆ ‘ಗುಳುಕ್’ ಎಂದಿತು. ಸರಿರಾತ್ರಿ. ಗಂಡನನ್ನು ಅಲುಗಿಸಿದೆ.

“ಒಳಚರಂಡಿ ಕಟ್ಟಿದೆ ಕಣೇ. ಬೀದಿಯವರು ಸುರಿದ ಎಣ್ಣೆಯೆಲ್ಲಾ ಕಲ್ಲಾಗಿ ಕೂತಿರತ್ತೆ. ನಾಳೆ ನಾವೇ ಬರ್ತೀವಿ, ಮಲಕ್ಕೋ.”

ಒತ್ತಡದ ನೀರು ನುಗ್ಗಿಸಿ ಚರಂಡಿ ಬಿಡಿಸುವ ನಗರಸಭೆಯ ಜೆಟ್ಟಿಂಗ್ ಲಾರಿಯಲ್ಲಿ ಪಂಪು ನಡೆಸುವವರು ಇವರು. ರಬ್ಬರ್ ಪೈಪು ಹಿಡಿಯುವವನು ನಮ್ಮ ಮನೆಯಲ್ಲೇ ಇರುವ ನನ್ನ ತಮ್ಮ. ಅವನಿಗೆ ಈ ಕೆಲಸ ಬೇಡವೆಂದು ಅಮ್ಮ ಅತ್ತಿದ್ದಳು. “ನಾನಿದೀನಲ್ಲ ಅತ್ತೆ” ಎಂದು ಇವರು ಮಾತು ಕೊಟ್ಟ ಮೇಲೆಯೇ ಕಳಿಸಿದ್ದಳು.

ಮರುದಿನ ಲಾರಿ ಬಂದಾಗ ಬೀದಿಯವರೆಲ್ಲ ವಾಸನೆಗೆ ಕಿಟಕಿ ಮುಚ್ಚಿಕೊಂಡರು. ನಾನು ಮಾತ್ರ ಮಹಡಿಯ ಕಟಕಟೆಗೆ ಒರಗಿ ನಿಂತೆ.

“ಭಾವ, ನಿಮ್ಮ ದೊಡ್ಡ ಸಾಹೇಬ್ರು ಮೇಲಿಂದ ನೋಡ್ತಿದಾರೆ!” ಎಂದ ತಮ್ಮ.

“ನಿನ್ನ ಬಾಯಿ ಮುಚ್ಚಿ ಮ್ಯಾನ್‌ಹೋಲ್ ಬಾಯಿ ತೆಗಿ. ಎರಡಕ್ಕೂ ಒಂದೇ ವಾಸನೆ.”

ಪೈಪಿನ ತುದಿಯ ನಾಜಲ್ ಹಿಂದಕ್ಕೆ ನೀರು ಚಿಮ್ಮಿಸುತ್ತ, ಆ ಒತ್ತಡದಲ್ಲೇ ಮುಂದೆ ನುಗ್ಗಿ ಜಿಡ್ಡನ್ನು ಕೊರೆಯುತ್ತದೆ. ಅದರ ಬೆನ್ನಿಗೆ ಚರಂಡಿಯ ಅಗಲಕ್ಕಿಂತ ಉದ್ದದ ಕಬ್ಬಿಣದ ತುಂಡೊಂದನ್ನು, ಅದು ಒಳಗೆ ತಿರುಗದಂತೆ, ಸಿಕ್ಕಿಸಬೇಕು. ಇಲ್ಲದಿದ್ದರೆ ನಾಜಲ್ ಗಟ್ಟಿ ಜಿಡ್ಡಿಗೆ ಬಡಿದು, ಮುಖ ತಿರುಗಿಸಿ, ಹೋದ ದಾರಿಯಲ್ಲೇ ಹೊರಗೆ ಹಾರುತ್ತದೆ. ಊಟ ಮಾಡುತ್ತ ಇವರೇ ತಟ್ಟೆಯ ಮೇಲೆ ಬೆರಳಾಡಿಸಿ ತೋರಿಸಿದ್ದರು.

ಆ ತುಂಡು ಲಾರಿಯ ಮೆಟ್ಟಿಲ ಮೇಲೆ ಬಿದ್ದಿತ್ತು.

ಹಿಂದಿನ ಬೀದಿಯ ಸಣ್ಣ ಲೈನಿನ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆಂದು ಇವರು ಬಿಚ್ಚಿಟ್ಟಿದ್ದರಂತೆ. ನಮ್ಮದು ದೊಡ್ಡ ಲೈನು. ಮತ್ತೆ ಸಿಕ್ಕಿಸಲು ಮರೆತಿದ್ದರು.

“ರೀ, ಆ ತುಂಡು ಹಾಕಿಲ್ಲ!” ಪಂಪಿನ ಅಬ್ಬರದಲ್ಲಿ ಕೇಳಲಿಲ್ಲ. ಮೆಟ್ಟಿಲಿಳಿದು ಓಡಿದೆ. ತಮ್ಮ ಪೈಪನ್ನು ಬೂಟಿನಡಿ ಮೆಟ್ಟಿ, ಅದರ ನಡುಕದಿಂದಲೇ ಜಿಡ್ಡಿನ ಜಾಗ ಅಳೆಯುತ್ತ ಮ್ಯಾನ್‌ಹೋಲಿನೊಳಗೆ ಬಗ್ಗಿ ನೋಡುತ್ತಿದ್ದ. ಅವನ ಹತ್ತಿರ ಹೋಗಿ ಕಿರುಚಿದೆ.

“ಏನಕ್ಕಾ?” ಎಂದು ನೆಟ್ಟಗಾಗಿ ನನ್ನತ್ತ ತಿರುಗಿದ.

ಕ್ಷಣದ ಹಿಂದೆ ಅವನ ಮುಖವಿದ್ದ ಜಾಗದಿಂದಲೇ ನಾಜಲ್ ಮೇಲೆ ಹಾರಿತು. ಪೈಪು ಚಾಟಿಯಂತೆ ಬೀಸಿ, ಎದುರಿನ ಗೋಡೆಯ ಗಾರೆ ಕಿತ್ತು, ನೆಲಕ್ಕೆ ಬಿದ್ದು ಒದ್ದಾಡಿತು. ಇವರು ಪಂಪು ಆರಿಸಿದರು. ಮೂವರ ಮೈಮೇಲೂ ಬಿಳಿ ಜಿಡ್ಡಿನ ತುಣುಕುಗಳು.

ತಮ್ಮ ಮೂಗು ಮುಟ್ಟಿಕೊಂಡ. “ಇದೆ,” ಎಂದ. ನಗಲು ಹೋಗಿ ರಸ್ತೆಯಲ್ಲೇ ಕೂತುಬಿಟ್ಟ.

ಇವರು ತುಂಡನ್ನು ಎತ್ತಿಕೊಂಡರು. “ಬಿಚ್ಚಿಟ್ಟಿದ್ದು ನಾನೇ. ಅತ್ತೆಗೆ ನಾನೇ ಹೇಳ್ತೀನಿ.”

“ಹೇಳಿ ಭಾವ. ನಾಳೆಯಿಂದ ನನಗೆ ಕೆಲಸ ಇಲ್ಲ, ನಿಮಗೆ ಅತ್ತೆಮನೆ ಇಲ್ಲ.” ಹಾಸ್ಯವೇನೋ ಸರಿ, ಅವನು ಕೂತಲ್ಲಿಂದ ಏಳಲಿಲ್ಲ.

“ಇನ್ಮೇಲೆ ಅದನ್ನ ನಿನ್ನ ಕೈಯಾರೆ ಸಿಕ್ಸಿ ನೋಡದೆ ಬಗ್ಗಬೇಡ. ಇವರೇ ಹೇಳಿದ್ರೂ ಸರಿ,” ಎಂದೆ. ನನ್ನ ಧ್ವನಿ ನನ್ನದೆನಿಸಲಿಲ್ಲ. ಇಬ್ಬರೂ ತಲೆಯಾಡಿಸಿದರು.

ಸಂಜೆ ಅಮ್ಮನ ಫೋನು. “ನಿನ್ನ ತಮ್ಮ ಉಂಡನಾ? ಅಳಿಯಂದ್ರು ಜೊತೆಗಿದಾರೆ ಬಿಡು, ಈಗೀಗ ನನಗೆ ಕಣ್ತುಂಬ ನಿದ್ದೆ.”

ಒಳಗೆ ಇವರು ಮುಟ್ಟದ ತಟ್ಟೆಯ ಮುಂದೆ ಕೂತಿದ್ದರು. ಹೇಳಿದರೆ ಅಮ್ಮನ ಆ ನಿದ್ದೆಯೂ ಹೋಗುತ್ತದೆ, ಇವರ ತಲೆಯೂ ಮೇಲೇಳುವುದಿಲ್ಲ. ನಿದ್ದೆಗೆಡಲು ಮನೆಗೆ ನಾನೊಬ್ಬಳು ಸಾಕು. ಯಾರಿಗೂ ಹೇಳುವುದಿಲ್ಲ, ಇವರಿಗೂ ಹೇಳಲು ಬಿಡುವುದಿಲ್ಲವೆಂದು ನಿಶ್ಚಯಿಸಿದೆ.

“ಉಂಡನಮ್ಮ,” ಎಂದೆ.