ಕಿಟಕಿ ಇರುವ ಕೋಣೆ

ಈ ಮನೆಯಲ್ಲಿ ಯಾರೂ ವಾಸವಿಲ್ಲ ಎಂದು ನಗರಸಭೆಯ ಇನ್ಸ್‌ಪೆಕ್ಟರು ನನ್ನ ಕಣ್ಣೆದುರಿಗೇ ಬರೆದುಕೊಂಡರು. ನಾನು ಅವರ ಕೈಗೆ ಕಾಫಿ ಕೊಟ್ಟು ಎರಡು ನಿಮಿಷವೂ ಆಗಿರಲಿಲ್ಲ.

"ಹಾಗಾದ್ರೆ ಈ ಕಾಫಿ ಮಾಡಿದ್ದು ಯಾರು ಸ್ವಾಮಿ, ದೆವ್ವಾನಾ?" ಎಂದೆ.

ಅವರು ನಗಲಿಲ್ಲ. ಸೊಂಟಕ್ಕೆ ಅಳತೆಯ ಟೇಪು ಸಿಕ್ಕಿಸಿಕೊಂಡು ಬಂದಿದ್ದ ಆ ಮನುಷ್ಯನಿಗೆ ನಗು ಬರುತ್ತದೋ ಇಲ್ಲವೋ ದೇವರೇ ಬಲ್ಲ.

ಹೊಸ ನಿಯಮ ಇಷ್ಟೇ. ಪ್ರವಾಸಿಗರಿಗೆ ನಾಲ್ಕು ದಿನದ ಮಟ್ಟಿಗೆ ಕೋಣೆ ಕೊಡುವವರು ಪರವಾನಗಿ ಪಡೆಯಬೇಕು, ಪರವಾನಗಿ ಬೇಕೆಂದರೆ ಮಾಲೀಕರು ಅದೇ ಮನೆಯಲ್ಲಿ ವಾಸವಿರಬೇಕು. ಎಲ್ಲಿಯೋ ಕುಳಿತು ಇಲ್ಲಿ ಬೀದಿಗೆ ಬೀದಿಯನ್ನೇ ಕೊಂಡುಕೊಂಡು, ಬಂದವರೇ ತೆಗೆದುಕೊಳ್ಳಲಿ ಎಂದು ಬಾಗಿಲಿಗೊಂದು ಬೀಗದ ಕೈ ಡಬ್ಬಿ ನೇತುಹಾಕಿದವರನ್ನು ತಡೆಯಲು ಮಾಡಿದ ನಿಯಮ. ನ್ಯಾಯವಾದದ್ದೇ. ಅರ್ಜಿ ಹಿಡಿದು ಸಾಲಿನಲ್ಲಿ ಮೊದಲು ನಿಂತವಳು ನಾನೇ. ಮಹಡಿಯ ಎರಡು ಕೋಣೆಗಳ ಬಾಡಿಗೆ ಬಿಟ್ಟರೆ ನನಗೂ ತಂಗಿಗೂ ಬೇರೆ ಹೊಟ್ಟೆಪಾಡಿಲ್ಲ. ಪರವಾನಗಿ ಕೈತಪ್ಪಿದರೆ ಮನೆ ಮಾರುವುದೊಂದೇ ದಾರಿ.

ತಪ್ಪು ನಮ್ಮದೇ. ಬಂದವರಿಗೆ ಇಡೀ ಮನೆ ತಮ್ಮದೇ ಅನ್ನಿಸಲಿ ಎಂದು ನಾವು ನಮ್ಮ ಗುರುತನ್ನೆಲ್ಲ ಒರೆಸಿ ಹಾಕಿದ್ದೆವು. ಬ್ರಷ್ಷು ಡಬ್ಬಿಯೊಳಗೆ, ಬಟ್ಟೆ ಪೆಟ್ಟಿಗೆಯೊಳಗೆ, ಚಪ್ಪಲಿ ಹಿತ್ತಿಲಲ್ಲಿ. ಮಲಗುವುದು ಅಡುಗೆಮನೆಯ ಹಿಂದಿನ ಉಗ್ರಾಣದಲ್ಲಿ, ಎದ್ದ ಕೂಡಲೇ ಹಾಸಿಗೆ ಸುತ್ತಿ ಬಕೆಟ್ಟುಗಳ ಹಿಂದೆ ತುರುಕುವುದು. ಇಷ್ಟು ಚೊಕ್ಕಟವಾಗಿಟ್ಟಿದ್ದಕ್ಕೆ ಇನ್ಸ್‌ಪೆಕ್ಟರು ಶಹಬ್ಬಾಸ್ ಅನ್ನುತ್ತಾರೆ ಎಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಹಾಸಿಗೆಯನ್ನು ಎಳೆದು ತೋರಿಸಿದೆ. ಅವರು ಟೇಪು ಬಿಚ್ಚಿ ಉಗ್ರಾಣವನ್ನು ಅಳೆದರು.

"ಇದಕ್ಕೆ ಕಿಟಕೀನೇ ಇಲ್ವಲ್ಲಮ್ಮ. ಇದನ್ನ ಮಲಗೋ ಕೋಣೆ ಅಂತ ನಾನು ಬರೆಯೋ ಹಾಗಿಲ್ಲ. ಇಲ್ಲಿ ಮನುಷ್ಯರನ್ನ ಮಲಗಿಸ್ಬಾರ್ದು. ವಾರ ಬಿಟ್ಟು ಬರ್ತೀನಿ. ನೀವಿಬ್ಬರೂ ಸರಿಯಾದ ಕೋಣೇಲಿದ್ರೆ ಉಳಿದ ಒಂದಕ್ಕೆ ಪರವಾನಗಿ, ಇಲ್ದಿದ್ರೆ ಅರ್ಜಿ ವಜಾ."

ಮೈಯೆಲ್ಲ ಉರಿಯಿತು, ಅವರ ಮೇಲಲ್ಲ, ನನ್ನ ಮೇಲೆ. ಮೂರು ವರ್ಷದ ಹಿಂದೆ ತಂಗಿ ಗಂಡನನ್ನು ಬಿಟ್ಟು ಒಂದು ಸೂಟ್‌ಕೇಸ್ ಹಿಡಿದು ಬಂದಾಗ, ಮದುವೆಗೆ ಮುಂಚೆ ಅವಳದಾಗಿದ್ದ ಸಮುದ್ರದ ಕಡೆಯ ಕೋಣೆಯಲ್ಲಿ ಯಾರೋ ಹೊಸ ಜೋಡಿ ಇತ್ತು. ಎರಡು ದಿನ ಉಗ್ರಾಣದಲ್ಲಿ ಹೊಂದಿಕೋ ಎಂದಿದ್ದೆ. ಆ ಎರಡು ದಿನ ಮುಗಿಯಲೇ ಇಲ್ಲ. ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

"ಮಹಡಿ ಹಿಂದಿನ ಚಿಕ್ಕ ಕೋಣೆಗೆ ಹೋಗೋಣ ಅಕ್ಕ. ಎಲ್ಲರೂ ಕೇಳೋದು ಸಮುದ್ರದ ಕಡೇದನ್ನೇ ಅಲ್ವಾ?" ಎಂದಳು ತಂಗಿ, ಅವರು ಹೋದ ಮೇಲೆ.

"ಕೇಳಿದ್ರೆ ಕೇಳ್ಲಿ. ನಾವು ಅಲ್ಲಿಗೇ ಹೋಗೋದು."

"ನಿಂಗೆ ತಲೆ ಕೆಟ್ಟಿದೆ."

"ಮೂರು ವರ್ಷದಿಂದ ಕೆಟ್ಟಿತ್ತು, ಇವತ್ತು ರಿಪೇರಿ ಆಯ್ತು. ಪೆಟ್ಟಿಗೆ ಎತ್ತು."

ಆ ಕೋಣೆಯನ್ನು ಕಾಯ್ದಿರಿಸಿದ್ದವರಿಗೆಲ್ಲ ಫೋನ್ ಮಾಡಿ ಕ್ಷಮೆ ಕೇಳಿದೆ. ಒಬ್ಬಾತ ಬಾಯಿಗೆ ಬಂದಂತೆ ಬೈದ. ನಾನೇನೂ ಕಡಿಮೆಯಿಲ್ಲ, ತಿರುಗಿಸಿ ಕೊಟ್ಟೆ. ಆ ಸಂಜೆಯೇ ನಮ್ಮ ಬಟ್ಟೆ ಬರೆ, ಔಷಧಿ, ಹಳೆಯ ಚಪ್ಪಲಿ ಎಲ್ಲ ಮೇಲೆ ಹೋದವು.

ವಾರ ಬಿಟ್ಟು ಇನ್ಸ್‌ಪೆಕ್ಟರು ಬಂದರು. ಮಹಡಿಯ ಕೋಣೆಯಲ್ಲಿ ನಿಂತು ಎಲ್ಲವನ್ನೂ ನೋಡಿದರು.

"ಸಾಮಾನು ತಂದಿಡೋಕೆ ಒಂದು ಗಂಟೆ ಸಾಕು," ಎಂದು ತಂಗಿಯ ಕಡೆ ತಿರುಗಿದರು. "ನೀವು ಹೇಳಿ, ರಾತ್ರಿ ಎಲ್ಲಿ ಮಲಗ್ತೀರಿ?"

ತಂಗಿ ತಲೆ ತಗ್ಗಿಸಿದಳು. "ಕೆಳಗೆ, ಉಗ್ರಾಣದಲ್ಲಿ."

ನಾನು ಗಕ್ಕನೆ ಅವಳ ಕಡೆ ತಿರುಗಿದೆ. "ಏನೇ ಹೇಳ್ತಿದೀಯ?"

"ನಿಂಗೆ ನಿದ್ದೆ ಹತ್ತಿದ ಮೇಲೆ ಇಳಿದು ಹೋಗ್ತೀನಿ ಅಕ್ಕ. ಈ ಹಾಸಿಗೆ ಬೇರೆಯವರದ್ದು ಅನ್ಸುತ್ತೆ. ಮುದುರಿದ್ರೆ ಮತ್ತೆ ಇಸ್ತ್ರಿ ಮಾಡ್ಬೇಕಲ್ಲ ಅಂತ ಭಯ ಆಗುತ್ತೆ."

ಇನ್ಸ್‌ಪೆಕ್ಟರ ಪೆನ್ನು ನಿಂತಿತು. ಅವಳು ತಮಾಷೆ ಮಾಡುತ್ತಿದ್ದಾಳೆ ಎಂದು ತೇಲಿಸಿಬಿಡಬಹುದಿತ್ತು. ಮನಸ್ಸು ಬರಲಿಲ್ಲ.

"ಬರ್ಕೊಳ್ಳಿ," ಎಂದೆ. "ಇವಳನ್ನ ಅಲ್ಲಿ ಮಲಗಿಸಿದ್ದು ನಾನು. ಇನ್ನು ಮಲಗಿಸಲ್ಲ. ನೀವು ಪರವಾನಗಿ ಕೊಡಿ, ಬಿಡಿ, ಈ ಕೋಣೆ ಇವಳದ್ದು."

ಕೆಳಗಿಳಿದು ಉಗ್ರಾಣದ ಹಾಸಿಗೆಯನ್ನು ದರದರ ಎಳೆದು ಹಿತ್ತಿಲಿಗೆ ಎಸೆದೆ. ಏದುಸಿರು ಬಿಡುತ್ತಾ ಮೇಲೆ ಬಂದೆ.

"ಮಲಗು," ಎಂದೆ.

"ಅಕ್ಕ, ಸಾಹೇಬ್ರು ಇದಾರೆ."

"ಇರ್ಲಿ. ಮಲಗು ಅಂದೆ."

ಅವಳು ಮಂಚದ ಅಂಚಿನಲ್ಲಿ ಮಲಗಿದಳು. ಹೊದಿಕೆ ಕೊಳೆಯಾದೀತೆಂದು ಕಾಲುಗಳನ್ನು ಹೊರಗೇ ಬಿಟ್ಟಿದ್ದಳು. ಇನ್ಸ್‌ಪೆಕ್ಟರು ಆ ಕಾಲುಗಳನ್ನು ನೋಡಿದರು.

"ಕಾಲೂ ಮೇಲಿಟ್ಕೊಳ್ಳಮ್ಮ," ಎಂದರು ಮೆಲ್ಲಗೆ. "ಆಮೇಲೆ ಸಹಿ ಹಾಕ್ತೀನಿ."

ಅವಳು ಒಂದು ಕಾಲು ಎಳೆದುಕೊಂಡಳು, ಆಮೇಲೆ ಇನ್ನೊಂದು. ಅವರು ಸಹಿ ಹಾಕಿ ಹಾಳೆಯನ್ನು ಮೇಜಿನ ಮೇಲಿಟ್ಟು, ಹೇಳದೆ ಕೇಳದೆ ಮೆಟ್ಟಿಲಿಳಿದು ಹೋದರು. ತಂಗಿ ಮುದುರಿದ ಹೊದಿಕೆಯನ್ನು ಸರಿಮಾಡಲು ಕೈ ಚಾಚಿದಳು. ನಾನು ಆ ಕೈಯನ್ನು ಹಿಡಿದುಕೊಂಡೆ, ಅವಳಿಗೆ ನಿದ್ದೆ ಬರುವವರೆಗೂ ಬಿಡಲಿಲ್ಲ.